ಇಂದಿನ ಧಮ್ಮ ಚಿಂತನೆ: ಬುದ್ಧರಿಗೂ ಬೆನ್ನು ನೋಯುತ್ತಿತ್ತು

ಇವತ್ತು ಭಾನುವಾರ. ಹಾಗಾಗಿ ಚಿಂತನೆ ಸ್ವಲ್ಪ ಉದ್ದವಿದೆ. ಒಂದೇ ಸಲಕ್ಕೆ ಓದಲಾಗದಿದ್ದರೆ ಎರಡು ಸಲಕ್ಕೆ ಓದಿ. ಮನೆಯಲ್ಲಿ ಓದಲು ಬಾರದ ಅಮ್ಮ, ಅಜ್ಜಿ ಇದ್ದರೆ ದಯವಿಟ್ಟು ಗಟ್ಟಿಯಾಗಿ ಓದಿ ಹೇಳಿ. ಇದು ಮುಖ್ಯವಾಗಿ ಅವರಿಗಾಗಿಯೇ ಬರೆದದ್ದು.

ದೀಘನಿಕಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಪಾವಾ ಎಂಬ ಊರಿನಲ್ಲಿ ಮಲ್ಲರು ಹೊಸ ಸಭಾಭವನ ಕಟ್ಟಿಸಿದ್ದರು. ಅದರ ಪ್ರವೇಶಕ್ಕೆ ಭಗವಾನ್ ಬುದ್ಧರನ್ನು ಕರೆದರು. ರಾತ್ರಿ ಬಹಳ ಹೊತ್ತು ಬೋಧನೆ ನಡೆಯಿತು. ಊರಿನವರು ಹೊರಟ ಮೇಲೂ ಭಿಕ್ಖುಗಳು ಕೇಳಲು ಕುಳಿತೇ ಇದ್ದರು. ಆಗ ಬುದ್ಧರು ಸಾರಿಪುತ್ತರನ್ನು ಕರೆದು, ನನಗೆ ಬೆನ್ನು ನೋಯುತ್ತಿದೆ, ಸ್ವಲ್ಪ ಒರಗಿಕೊಳ್ಳುತ್ತೇನೆ, ಮುಂದಿನದನ್ನು ನೀವು ಹೇಳಿ ಎಂಬ ಅರ್ಥದ ಮಾತು ಹೇಳಿ, ಚೀವರವನ್ನು ಮಡಿಸಿ ಹಾಸಿಕೊಂಡು ಬಲಮಗ್ಗುಲಾಗಿ ಮಲಗಿದರು. ಕಪಿಲವಸ್ತುವಿನಲ್ಲಿ ಶಾಕ್ಯರ ಸಭಾಭವನದಲ್ಲೂ ಹೀಗೇ ಆಯಿತು. ಅಲ್ಲಿ ಬೋಧನೆಯನ್ನು ಮುಂದುವರಿಸಿದವರು ಆನಂದರು.

ಈ ಪ್ರಸಂಗವನ್ನು ನಾವು ಓದುವಾಗ ಬೇಗ ಬೇಗ ದಾಟಿಬಿಡುತ್ತೇವೆ. ಆದರೆ ಸ್ವಲ್ಪ ನಿಂತು ನೋಡಿ. ಲೋಕಗುರು ಎನಿಸಿಕೊಂಡವರು ತುಂಬಿದ ಸಭೆಯಲ್ಲಿ ಬೆನ್ನು ನೋವೆಂದು ಬಾಯಿಬಿಟ್ಟು ಹೇಳಿದರು. ಮುಚ್ಚಿಡಲಿಲ್ಲ, ಹಲ್ಲು ಕಚ್ಚಿ ಕೂರಲಿಲ್ಲ, ನಾಚಿಕೊಳ್ಳಲಿಲ್ಲ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ವಿಶ್ರಾಂತಿ ತೆಗೆದುಕೊಂಡರು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಕೊಡಗಿನ ತೋಟಗಳಲ್ಲಿ ಮೂವತ್ತು ನಲವತ್ತು ವರ್ಷ ಕಾಫಿ ಕುಯ್ದ ನಮ್ಮ ಅಮ್ಮಂದಿರು, ಅತ್ತೆಯಂದಿರು, ದೊಡ್ಡಮ್ಮಂದಿರು ಬೆನ್ನು ನೋವನ್ನು ಹೇಳುವುದೇ ಇಲ್ಲ. ಹೇಳಿದರೂ ಒಲೆಯ ಮುಂದೆ ಕುಳಿತು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಕೇಳಿದರೆ ಎರಡು ಉತ್ತರ ಸಿದ್ಧವಿರುತ್ತದೆ. ಒಂದು, "ವಯಸ್ಸಾಯ್ತಲ್ಲ ಮಗ, ಇದೆಲ್ಲ ಇದ್ದದ್ದೇ." ಇನ್ನೊಂದು, "ಯಾವ ಜನ್ಮದಲ್ಲಿ ಏನು ಮಾಡಿದ್ದೆನೋ." ನಮ್ಮ ಅಮ್ಮಂದಿರ ಎಲುಬನ್ನು ಒಳಗಿನಿಂದ ತಿನ್ನುವ ಕಾಯಿಲೆಗೆ ಈ ಎರಡು ಉತ್ತರಗಳೇ ದೊಡ್ಡ ಆಸರೆ. ಆದ್ದರಿಂದ ಮೊದಲು ಇವುಗಳನ್ನೇ ನೋಡೋಣ.

*ನೋವು ಕರ್ಮಫಲವೇ?*

ಸಿವಕ ಎಂಬ ಪರಿವ್ರಾಜಕ ಒಮ್ಮೆ ಬುದ್ಧರ ಬಳಿ ಬಂದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಕೆಲವರು ಹೇಳುತ್ತಾರಲ್ಲ, ತಾವೇನು ಹೇಳುತ್ತೀರಿ ಎಂದು ಕೇಳಿದ. ಬುದ್ಧರು ಪಿತ್ತ, ಕಫ, ವಾತ, ಇವು ಮೂರೂ ಕೂಡಿ ಕೆಡುವುದು, ಋತು ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಪೆಟ್ಟು ಬೀಳುವುದು ಹೀಗೆ ಒಂದೊಂದಾಗಿ ಕಾರಣಗಳನ್ನು ಎಣಿಸಿದರು. ಎಂಟು ಕಾರಣಗಳ ಆ ಪಟ್ಟಿಯಲ್ಲಿ ಕರ್ಮ ಕೊನೆಯದು ಮಾತ್ರ. ಎಲ್ಲವೂ ಹಿಂದಿನದರ ಫಲ ಎನ್ನುವವರು ಕಣ್ಣೆದುರಿನ ಸತ್ಯವನ್ನೇ ಮೀರಿ ಮಾತಾಡುತ್ತಾರೆ ಎಂಬುದು ಅವರ ತೀರ್ಮಾನ. ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬರು ಹೀಗೆ ಯೋಚಿಸಿದ್ದರು!

ಬಾಬಾಸಾಹೇಬರು ಇನ್ನೂ ಮುಂದೆ ಹೋದರು. ಅವರ ಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಹಿಂದಿನ ಜನ್ಮದ ಕರ್ಮದ ಸಿದ್ಧಾಂತ ಬುದ್ಧರ ಧಮ್ಮಕ್ಕೆ ಹೊಂದುವುದಿಲ್ಲ ಎಂದು ವಾದಿಸಿದರು. ಅದಕ್ಕೆ ಕಾರಣ ನಮಗೆ ಗೊತ್ತೇ ಇದೆ. ಬಡವನ ಬಡತನಕ್ಕೆ, ದಲಿತನ ಅವಮಾನಕ್ಕೆ ಅವನೇ ಹೊಣೆ ಎಂದು ಕೂರಿಸಲು ಆ ಸಿದ್ಧಾಂತ ಬಳಕೆಯಾಗಿತ್ತು. ಗುಡಿಯ ಬಾಗಿಲಲ್ಲಿ ನಾವು ತಿರಸ್ಕರಿಸಿದ ಆ ಮಾತು ನಮ್ಮ ಅಮ್ಮನ ಬೆನ್ನುಮೂಳೆಯಲ್ಲಿ ಇನ್ನೂ ಕುಳಿತಿದ್ದರೆ ನಮ್ಮ ದೀಕ್ಷೆ ಅರ್ಧವೇ ಆಯಿತಲ್ಲವೇ?

ನಮ್ಮದೇ ಮಲೆನಾಡಿನ ಒಂದು ನಿಜ ಸಂಗತಿ ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1975ರ ಸುಮಾರಿಗೆ ಅಲ್ಲಿನ ಜನರಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಹಾಳಾಗಿ, ನಡೆಯಲಾಗದೆ, ಬೆನ್ನು ಬಾಗಿ, ಕೆಲವರು ತೆವಳಿಕೊಂಡೇ ಓಡಾಡಬೇಕಾದ ಕಾಯಿಲೆಯೊಂದು ಹೊರಜಗತ್ತಿಗೆ ಗೊತ್ತಾಯಿತು. ಮುಂದೆ ಅದಕ್ಕೆ ಊರಿನ ಹೆಸರೇ ನಿಂತಿತು, ಹಂದಿಗೋಡು ಕಾಯಿಲೆ ಎಂದು. ಕಾಯಿಲೆಗೆ ತುತ್ತಾದವರು ಬಹುತೇಕ ಚಲವಾದಿ ಮತ್ತು ಚನ್ನಂಗಿ ಸಮುದಾಯದವರು, ಅಂದರೆ ನಮ್ಮವರೇ. ಗದ್ದೆಯ ಏಡಿ ತಿಂದದ್ದರಿಂದ ಬಂತು, ಕೀಟನಾಶಕದಿಂದ ಬಂತು ಎಂದು ನಾನಾ ಮಾತುಗಳು ಹಬ್ಬಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಮೊದಲಿಗೆ ಅಧ್ಯಯನ ಮಾಡಿದರು. ಅದು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಎಲುಬು ಕೀಲುಗಳ ಬೆಳವಣಿಗೆಯ ದೋಷ ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು.

ಹಂದಿಗೋಡು ಕಾಯಿಲೆಯೇ ಬೇರೆ, ನಾನು ಇವತ್ತು ಹೇಳಹೊರಟ ಕಾಯಿಲೆಯೇ ಬೇರೆ. ಆದರೂ ಅದನ್ನು ಹೇಳಿದ್ದಕ್ಕೆ ಕಾರಣವಿದೆ. ಶಾಪ, ಪಾಪ ಎನ್ನುತ್ತಾ ಕುಳಿತಿದ್ದರೆ ಯಾವ ವೈದ್ಯರೂ ಆ ಊರಿಗೆ ಹೋಗುತ್ತಿರಲಿಲ್ಲ. ಕಾರಣ ಹುಡುಕಬೇಕು ಎಂದು ಹೊರಟಾಗಲೇ ಅದು ಕಾಯಿಲೆ ಎನಿಸಿಕೊಂಡಿತು, ಸರ್ಕಾರವನ್ನು ಕೇಳುವ ಹಕ್ಕೂ ಬಂತು. ದುಃಖವಿದೆ, ದುಃಖಕ್ಕೆ ಕಾರಣವಿದೆ, ಆ ಕಾರಣವನ್ನು ನೀಗಬಹುದು, ನೀಗುವುದಕ್ಕೆ ದಾರಿಯಿದೆ. ನಾಲ್ಕು ಆರ್ಯಸತ್ಯಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅವನ್ನೇ ಎಲುಬಿನ ಮೇಲೆ ಇಟ್ಟು ನೋಡೋಣ.

*ದುಃಖ: ಟೊಳ್ಳಾಗುವ ಎಲುಬು*

ಕಾಯಿಲೆಯ ಹೆಸರು ಆಸ್ಟಿಯೊಪೊರೋಸಿಸ್. ಸುಲಭವಾಗಿ ಹೇಳುವುದಾದರೆ ಎಲುಬು ಟೊಳ್ಳಾಗುವ ಕಾಯಿಲೆ. ಗೆದ್ದಲು ಹಿಡಿದ ತೊಲೆಯನ್ನು ನೋಡಿದ್ದೀರಲ್ಲ, ಹೊರಗಿನಿಂದ ಗಟ್ಟಿ, ಒಳಗೆ ತೂತು. ಹಾಗೆ. ಮಂಡಿಯ ಕೀಲು ಸವೆದು ನೋಯುವುದು ಬೇರೆ ಕಾಯಿಲೆ. ಎರಡನ್ನೂ ನಾವು 'ಮೂಳೆ ಸವೆತ' ಎಂದೇ ಕರೆದುಬಿಡುತ್ತೇವೆ. ಕೀಲಿನ ಸವೆತ ನೋಯಿಸಿ ತಿಳಿಸುತ್ತದೆ. ಟೊಳ್ಳಾಗುವುದು ಮಾತ್ರ ಸದ್ದಿಲ್ಲದೆ ನಡೆಯುತ್ತದೆ. ಮುರಿದಾಗಲೇ ಗೊತ್ತಾಗುವುದು.

ಸಾಮಾನ್ಯವಾಗಿ ಮುರಿಯುವ ಜಾಗ ಮೂರು: ಕೈಯ ಮಣಿಕಟ್ಟು, ಬೆನ್ನುಮೂಳೆ, ಸೊಂಟದ ಬಳಿಯ ತೊಡೆಮೂಳೆ. ಬೆನ್ನುಮೂಳೆ ಮುರಿಯಲು ಬೀಳಲೇಬೇಕೆಂದಿಲ್ಲ. ಬಗ್ಗಿ ಕೊಡ ಎತ್ತಿದರೆ, ಜೋರಾಗಿ ಕೆಮ್ಮಿದರೆ ಸಾಕು, ಒಂದು ಬಿಲ್ಲೆ ಜಜ್ಜಿಹೋಗಬಹುದು. ಹೀಗೆ ಒಂದೊಂದೇ ಬಿಲ್ಲೆ ಕುಸಿದು ಅಜ್ಜಿಯಂದಿರು ಕುಳ್ಳಗಾಗುತ್ತಾರೆ, ಗೂನು ಬೀಳುತ್ತದೆ. ಅದು ವಯಸ್ಸಿನ ಸಹಜ ರೂಪ ಎಂದು ನಾವು ತಿಳಿದಿದ್ದೇವೆ. ಬಹಳ ಸಲ ಅದು ಯಾರೂ ಗಮನಿಸದೆ ಬಿಟ್ಟ ಮುರಿತ.

ಸೊಂಟದ ಮುರಿತ ಇನ್ನೂ ಕಠಿಣ. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅನುಭವ ಹೇಳುತ್ತದೆ. ಹಾಸಿಗೆ ಹಿಡಿದು, ಬೆನ್ನಿಗೆ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ ಹೋಗುತ್ತಾರೆ. ನಾವು "ಅಜ್ಜಿ ಬಿದ್ದ ಮೇಲೆ ಏಳಲೇ ಇಲ್ಲ" ಎನ್ನುತ್ತೇವೆ. ಜಗತ್ತಿನಲ್ಲಿ ಐವತ್ತು ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಉಳಿದ ಆಯುಷ್ಯದಲ್ಲಿ ಇಂಥದ್ದೊಂದು ಮುರಿತ ಆಗುತ್ತದೆ ಎಂಬ ಅಂದಾಜಿದೆ. ಹಾಗಾಗಿ ಅಣ್ಣಂದಿರೂ ಇದು ಹೆಂಗಸರ ವಿಷಯ ಎಂದು ಬಿಡಬೇಡಿ.

*ಕಾರಣ: ಎಲುಬೂ ಅನಿತ್ಯವೇ*

ಕಾಯಾನುಪಸ್ಸನೆಯಲ್ಲಿ ದೇಹದ ಮೂವತ್ತೆರಡು ಭಾಗಗಳನ್ನು ನೆನೆಯುತ್ತೇವೆ. ಕೂದಲು, ಉಗುರು, ಹಲ್ಲು, ಚರ್ಮ ಆದ ಮೇಲೆ ಅಟ್ಠಿ, ಅಂದರೆ ಎಲುಬು, ಆಮೇಲೆ ಅಟ್ಠಿಮಿಂಜ, ಎಲುಬಿನ ಮಜ್ಜೆ. ಹೆಸರು ಹೇಳಿ ಮುಂದೆ ಹೋಗುತ್ತೇವೆ. ಉಳಿದದ್ದೆಲ್ಲ ಬದಲಾಗುತ್ತದೆ, ಎಲುಬು ಮಾತ್ರ ಕಲ್ಲಿನ ಹಾಗೆ ಇದ್ದಲ್ಲೇ ಇರುತ್ತದೆ ಎಂದು ನಮ್ಮ ಭಾವನೆ.

ವಿಜ್ಞಾನ ಬೇರೆಯೇ ಹೇಳುತ್ತದೆ. ನಮ್ಮ 206 ಎಲುಬುಗಳಲ್ಲಿ ಪ್ರತಿಕ್ಷಣವೂ ಒಂದು ಬಗೆಯ ಜೀವಕೋಶ ಹಳೆಯದನ್ನು ಕೆಡವುತ್ತಿರುತ್ತದೆ, ಇನ್ನೊಂದು ಬಗೆ ಹೊಸದನ್ನು ಕಟ್ಟುತ್ತಿರುತ್ತದೆ. ಸುಮಾರು ಹತ್ತು ವರ್ಷಗಳಲ್ಲಿ ಅಸ್ಥಿಪಂಜರದ ಬಹುಪಾಲು ಹೊಸದಾಗಿಬಿಡುತ್ತದೆ. ಹತ್ತು ವರ್ಷದ ಹಿಂದೆ ನಿಮ್ಮನ್ನು ಹೊತ್ತಿದ್ದ ಎಲುಬು ಈಗಿಲ್ಲ. ಅನಿಚ್ಚ ಎಂದರೆ ಇದೇ.

ಚಿಕ್ಕಂದಿನಲ್ಲಿ ಕೆಡವುವುದಕ್ಕಿಂತ ಕಟ್ಟುವುದು ಹೆಚ್ಚು. ಇಪ್ಪತ್ತೈದು ಮೂವತ್ತರ ಹೊತ್ತಿಗೆ ಎಲುಬು ತನ್ನ ಪೂರ್ಣ ಗಟ್ಟಿತನ ಮುಟ್ಟುತ್ತದೆ. ಆಮೇಲೆ ನಿಧಾನವಾಗಿ ಇಳಿಮುಖ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಕೆಡವುವ ಕೋಶಗಳನ್ನು ಹಿಡಿತದಲ್ಲಿಟ್ಟಿದ್ದದ್ದು ಅದೇ. ಮೊದಲ ಐದಾರು ವರ್ಷ ಎಲುಬು ವೇಗವಾಗಿ ಕರಗುತ್ತದೆ. ಬೇಗ ಮುಟ್ಟು ನಿಂತವರು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ತುಂಬಾ ತೆಳ್ಳಗಿರುವವರು, ಅಪ್ಪ ಅಮ್ಮನಿಗೆ ಸೊಂಟ ಮುರಿದಿದ್ದವರು ಹೆಚ್ಚು ಎಚ್ಚರವಿರಬೇಕು.

ಇದಲ್ಲದೆ ನಾವೇ ಕೂಡಿಸಿಕೊಂಡ ಕಾರಣಗಳೂ ಇವೆ. ಅವುಗಳಲ್ಲಿ ಮೊದಲನೆಯದು ನಮ್ಮ ತಟ್ಟೆ.

*ದಾರಿ ಒಂದು: ತಟ್ಟೆ*

ಸಿದ್ಧಾರ್ಥ ಗೌತಮರು ಆರು ವರ್ಷ ಉಪವಾಸ ಮಾಡಿ ಮೈಯೆಲ್ಲ ಎಲುಬಾದರು. ದೇಹವನ್ನು ದಂಡಿಸಿದರೆ ಬೋಧಿ ದಕ್ಕುವುದಿಲ್ಲ ಎಂದು ಅರಿತು ಊಟ ಮಾಡಿದರು. ಸುಜಾತೆ ಕೊಟ್ಟ ಹಾಲಿನ ಪಾಯಸವನ್ನು ಉಂಡ ಮೇಲೆಯೇ ಅವರಿಗೆ ಬೋಧಿಯಾದದ್ದು. ಮಧ್ಯಮ ಮಾರ್ಗ ಶುರುವಾದದ್ದು ಒಬ್ಬ ಹೆಣ್ಣುಮಗಳು ಬಡಿಸಿದ ಅನ್ನದಿಂದ.

ನಮ್ಮ ಮನೆಗಳಲ್ಲಿ ಬಡಿಸಿದ ಹೆಣ್ಣುಮಗಳು ಏನು ಉಣ್ಣುತ್ತಾಳೆ? ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ಅನ್ನ, ಸಾರಿನ ತಿಳಿ. ಹಾಲಿದ್ದರೆ ಮಕ್ಕಳಿಗೆ, ಮೊಟ್ಟೆಯಿದ್ದರೆ ದುಡಿಯುವ ಗಂಡಿಗೆ. ಅವಳೂ ತೋಟದಲ್ಲಿ ದುಡಿದೇ ಬಂದವಳು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕೊಡಗಿನಲ್ಲಿ ನಮ್ಮದು ಮೂರು ಹೊತ್ತೂ ಅಕ್ಕಿ. ರೊಟ್ಟಿ, ಪುಟ್ಟು, ಅನ್ನ ಎಲ್ಲವೂ ಅಕ್ಕಿಯೇ. 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಇರುವುದು ಹತ್ತು ಮಿಲಿಗ್ರಾಂ ಆಸುಪಾಸು. ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 350. ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 240ರಷ್ಟು. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿ, ಎಳ್ಳು ಇವೆಲ್ಲ ಒಳ್ಳೆಯವು. ಮುಳ್ಳಿನ ಸಮೇತ ಅಗಿದು ತಿನ್ನುವ ಸಣ್ಣ ಮೀನು ಕೂಡ ಒಳ್ಳೆಯದು. ಒಣಮೀನಾದರೆ ನೆನೆಸಿ ಉಪ್ಪು ತೆಗೆಯಿರಿ, ಏಕೆಂದರೆ ಉಪ್ಪು ಹೆಚ್ಚಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಎಲುಬಿಗೆ ಪ್ರೋಟೀನೂ ಬೇಕು. ಬೇಳೆ, ಕಾಳು, ಮೊಟ್ಟೆ, ಮಾಂಸ ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದನ್ನು ತಿನ್ನಿ.

ಕಾಲು ಸೂಪ್ ಕುಡಿದರೆ ಎಲುಬು ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಎಲುಬು ಬೇಯಿಸಿದ ನೀರಿಗೆ ಕ್ಯಾಲ್ಸಿಯಂ ಇಳಿಯುವುದು ಬಹಳ ಕಡಿಮೆ. ರುಚಿಗೆ ಕುಡಿಯಿರಿ, ಅದನ್ನೇ ಔಷಧಿ ಎಂದುಕೊಳ್ಳಬೇಡಿ. ಅದಕ್ಕೆ ಕೊಡುವ ದುಡ್ಡಿನಲ್ಲಿ ಎಷ್ಟು ಸೇರು ರಾಗಿ ಬರುತ್ತದೆ ಎಂದು ಲೆಕ್ಕ ಹಾಕಿ.

*ದಾರಿ ಎರಡು: ಬಿಸಿಲು ಮತ್ತು ನಡಿಗೆ*

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ವಿಟಮಿನ್ ಬೇಕು. ಅದನ್ನು ಚರ್ಮವೇ ಬಿಸಿಲಿನಲ್ಲಿ ತಯಾರಿಸಿಕೊಳ್ಳುತ್ತದೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಬೇಸಿಗೆಯಲ್ಲೂ ನಾವು ದುಡಿಯುವುದು ಮರದ ನೆರಳಿನ ಕಾಫಿ ತೋಟದಲ್ಲಿ, ತಲೆಗೆ ಬಟ್ಟೆ ಸುತ್ತಿ, ಉದ್ದ ತೋಳಿನ ಅಂಗಿ ತೊಟ್ಟು. ಇಡೀ ದಿನ ಹೊರಗಿದ್ದರೂ ಬಿಸಿಲು ಮೈಗೆ ತಾಗುವುದಿಲ್ಲ. ನಮ್ಮದು ಕಪ್ಪು ಚರ್ಮ, ಅದಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಬಿಸಿಲಿರುವ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ಮೂವತ್ತು ನಿಮಿಷ ಮುಖ, ಕೈ, ಕಾಲಿಗೆ ಬಿಸಿಲು ಬೀಳಲಿ. ಮಾತ್ರೆ ಬೇಕೇ ಬೇಡವೇ ಎಂದು ವೈದ್ಯರನ್ನು ಕೇಳಿ. ನಾವಾಗಿಯೇ ತಿಂಗಳುಗಟ್ಟಲೆ ನುಂಗುವಂತಿಲ್ಲ, ಡಿ ವಿಟಮಿನ್ ಅತಿಯಾದರೂ ಕೆಡುಕು.

ಇನ್ನು ನಡಿಗೆ. ಎಲುಬು ಭಾರ ಹೊತ್ತರೆ ಗಟ್ಟಿಯಾಗುತ್ತದೆ, ಸುಮ್ಮನಿದ್ದರೆ ಕರಗುತ್ತದೆ. ಬುದ್ಧರು ಚಂಕಮಣಕ್ಕೆ, ಅಂದರೆ ಅರಿವಿನಿಂದ ನಡೆಯುವುದಕ್ಕೆ, ಐದು ಪ್ರಯೋಜನಗಳನ್ನು ಹೇಳಿದ್ದಾರೆ. ದೂರ ನಡೆಯುವ ಶಕ್ತಿ, ಸಾಧನೆಯ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಬಹುಕಾಲ ನಿಲ್ಲುವ ಏಕಾಗ್ರತೆ. ಕುಶಾಲನಗರ ದಾಟಿ ಬೈಲುಕುಪ್ಪೆಗೆ ಹೋದರೆ ಟಿಬೆಟಿನ ಅಜ್ಜ ಅಜ್ಜಿಯರು ಮಣಿ ಎಣಿಸುತ್ತಾ ವಿಹಾರದ ಸುತ್ತ ನಡೆಯುವುದನ್ನು ಕಾಣಬಹುದು. ನಮ್ಮ ಆಚರಣೆ ಬೇರೆಯಿರಬಹುದು, ನಡಿಗೆಯನ್ನಂತೂ ಕಲಿಯಬಹುದು. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಕೈಯೂರದೆ ಕುರ್ಚಿಯಿಂದ ಏಳುವುದನ್ನು ಹತ್ತು ಸಲ ಮಾಡಿ. ಕಾಲಿಗೆ ಬಲ ಬಂದರೆ ಬೀಳುವುದು ತಪ್ಪುತ್ತದೆ.

ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಇನ್ನೂ ವ್ಯಾಯಾಮವೇ ಎಂದು ಕೇಳಬಹುದು. ದುಡಿಯುವಷ್ಟು ಕಾಲ ಆ ದುಡಿಮೆ ಎಲುಬಿಗೆ ಒಳ್ಳೆಯದೇ, ಹೊಟ್ಟೆಗೆ ಸರಿಯಾಗಿ ಬಿದ್ದರೆ. ತೊಂದರೆ ಬರುವುದು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ. ಹಾಗೆಯೇ ಐವತ್ತು ದಾಟಿದವರು ಕಾಫಿ ಮೂಟೆಗೆ ಬಗ್ಗಿ ಬೆನ್ನು ಕೊಡಬಾರದು. ಅದನ್ನು ಮೇಸ್ತ್ರಿಗೆ ಹೇಳಲು ಒಬ್ಬರಿಗೆ ಕಷ್ಟವಾದರೆ ನಾಲ್ಕು ಜನ ಸೇರಿ ಹೇಳಿ.

*ದಾರಿ ಮೂರು: ಐದನೆಯ ಶೀಲ*

ಮದ್ಯಪಾನದಿಂದ ದೂರವಿರುವ ಶೀಲವನ್ನು ದಿನವೂ ಹೇಳುತ್ತೇವೆ. ಬಾಬಾಸಾಹೇಬರು ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲೂ ಅದಿದೆ. ಎಲುಬಿನ ಕಡೆಯಿಂದ ನೋಡಿದರೆ ಕುಡಿತ ಎರಡು ಪೆಟ್ಟು ಕೊಡುತ್ತದೆ: ಎಲುಬು ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಕುಡಿದವನನ್ನು ಬೀಳಿಸುತ್ತದೆ. ಸಂತೆಯ ದಿನ ಕೂಲಿ ಕೈಗೆ ಬಂದ ಸಂಜೆ ಲೈನ್ ಮನೆಯ ದಾರಿಯಲ್ಲಿ ಎಷ್ಟು ಜನ ಬಿದ್ದಿಲ್ಲ? ಕುಡಿತಕ್ಕೆ ಮೂರನೆಯ ಪೆಟ್ಟೂ ಇದೆ. ಆ ದುಡ್ಡು ಹೆಂಡತಿ ಮಕ್ಕಳ ಹಾಲಿನ ದುಡ್ಡು. ಬೀಡಿ ಸಿಗರೇಟು ಕೂಡ ಎಲುಬನ್ನು ತೆಳ್ಳಗೆ ಮಾಡುತ್ತವೆ.

*ದಾರಿ ನಾಲ್ಕು: ಬೀಳದ ಹಾಗೆ ಎಚ್ಚರ*

ಸಮ್ಮಾ ಸತಿ ಎಂದರೆ ಕಣ್ಣು ಮುಚ್ಚಿ ಕೂರುವಾಗ ಮಾತ್ರ ಅಲ್ಲ, ಮಳೆಗಾಲದ ಅಂಗಳದಲ್ಲೂ ಬೇಕು. ಕೊಡಗಿನ ಮಳೆಗೆ ಮೆಟ್ಟಿಲು, ಬಚ್ಚಲ ಕಲ್ಲು, ಅಂಗಳ ಎಲ್ಲಕ್ಕೂ ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದನ್ನು ಮಗ ಅಥವಾ ಸೊಸೆ ವಹಿಸಿಕೊಳ್ಳಲಿ. ಸವೆದ ಹವಾಯಿ ಚಪ್ಪಲಿ ಬಿಸಾಡಿ. ಅಜ್ಜಿಯ ತಲೆದಿಂಬಿನ ಪಕ್ಕ ಟಾರ್ಚ್ ಇರಲಿ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ.

ಬಹಳಷ್ಟು ಲೈನ್ ಮನೆಗಳಲ್ಲಿ ಶೌಚಾಲಯ ಹೊರಗಿದೆ. ರಾತ್ರಿ ಮಳೆಯಲ್ಲಿ ಜಾರುವ ದಾರಿಯಲ್ಲಿ ಹೋಗಿ ಬರಬೇಕು. ಬೀಳುವವರ ಅಜಾಗರೂಕತೆ ಎಂದು ಇದನ್ನು ತಳ್ಳಿಹಾಕಲಾಗದು. ದೊಡ್ಡ ತೋಟಗಳ ಮಾಲೀಕರು ಕಾರ್ಮಿಕರಿಗೆ ಮನೆ, ಶೌಚಾಲಯ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆಯಲಾಗಿತ್ತು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತು ಮಾತಾಡಿದವರು ಬಾಬಾಸಾಹೇಬರು. ದುಡಿಯುವ ಹೆಣ್ಣಿನ ದೇಹವನ್ನು ಕಾಪಾಡುವುದು ಕಾನೂನಿನ ಕೆಲಸ ಎಂದು ಅವರಿಗೆ ಗೊತ್ತಿತ್ತು. ದಾರಿಗೆ ಒಂದು ಬಲ್ಬು, ಮೆಟ್ಟಿಲಿಗೆ ಒಂದು ಕೈಹಿಡಿ ಕೇಳುವುದು ಭಿಕ್ಷೆ ಬೇಡಿದಂತಲ್ಲ.

*ದಾರಿ ಐದು: ಔಷಧಿ*

ಒಳ್ಳೆಯ ರೋಗಿಯ ಐದು ಗುಣಗಳನ್ನು ಬುದ್ಧರು ಹೇಳಿದ್ದಾರೆ. ದೇಹಕ್ಕೆ ಹಿತವಾದದ್ದನ್ನು ಮಾಡುವುದು, ಅದರಲ್ಲೂ ಮಿತಿ ಅರಿತಿರುವುದು, ಔಷಧಿ ತೆಗೆದುಕೊಳ್ಳುವುದು, ನೋವು ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂದು ಆರೈಕೆ ಮಾಡುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಉಳಿದ ನೋವನ್ನು ತಾಳಿಕೊಳ್ಳುವುದು. ತಾಳಿಕೊಳ್ಳುವುದು ಕೊನೆಯಲ್ಲಿದೆ ನೋಡಿ. ನಮ್ಮ ಅಮ್ಮಂದಿರು ಅದೊಂದನ್ನೇ ಮೊದಲಿಗೆ ಹಿಡಿದುಕೊಂಡಿದ್ದಾರೆ.

ಎಲುಬಿನ ಸಾಂದ್ರತೆ ಅಳೆಯಲು ಡೆಕ್ಸಾ ಎಂಬ ಸ್ಕ್ಯಾನ್ ಇದೆ. ನೋವಿಲ್ಲ, ಸೂಜಿಯಿಲ್ಲ. ಫಲಿತಾಂಶದಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ ಇದೆ ಎಂದರ್ಥ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ, ನಿಜ. ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮೂಳೆ ವೈದ್ಯರನ್ನು ಕಾಣಿ, ಎಲ್ಲಿಗೆ ಹೋಗಬೇಕೆಂದು ಅವರೇ ಹೇಳುತ್ತಾರೆ. ಸಣ್ಣದಾಗಿ ಬಿದ್ದರೂ ಎಲುಬು ಮುರಿದ ಐವತ್ತು ದಾಟಿದವರು ಪ್ಲಾಸ್ಟರ್ ಹಾಕಿಸಿಕೊಂಡು ಸುಮ್ಮನಾಗಬಾರದು. ಯಾಕೆ ಮುರಿಯಿತು ಎಂದು ಕೇಳಲೇಬೇಕು. ಒಂದು ಮುರಿತ ಆದವರಿಗೆ ಇನ್ನೊಂದು ಆಗುವ ಸಾಧ್ಯತೆ ಹೆಚ್ಚು.

ಒಳ್ಳೆಯ ಔಷಧಿಗಳಿವೆ. ವಾರಕ್ಕೊಮ್ಮೆ ನುಂಗುವ ಮಾತ್ರೆ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್ ಇವೆ. ವಾರದ ಮಾತ್ರೆ ಕೊಟ್ಟಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಕುಳಿತಿರಿ ಅಥವಾ ಓಡಾಡಿ. ಕಾಪಿಯ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನುಂಗಿ ಮಲಗಿದರೆ ಅನ್ನನಾಳ ಸುಡುತ್ತದೆ. ಇಂಜೆಕ್ಷನ್ ಶುರು ಮಾಡಿದವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎರಡು ಎಚ್ಚರಿಕೆ. ಒಂದು, ಸಂತೆಯಲ್ಲಿ, ಮನೆ ಬಾಗಿಲಲ್ಲಿ ಕೀಲು ನೋವಿಗೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳು. ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಬಹುಕಾಲ ಸ್ಟೀರಾಯ್ಡ್ ತಿಂದರೆ ಎಲುಬು ಟೊಳ್ಳಾಗುತ್ತದೆ. ಉಬ್ಬಸಕ್ಕೋ ಬೇರೆ ಕಾಯಿಲೆಗೋ ವೈದ್ಯರೇ ಕೊಟ್ಟದ್ದಾದರೆ ತಟ್ಟನೆ ಬಿಡಬೇಡಿ, ಎಲುಬಿನ ಬಗ್ಗೆ ಅವರನ್ನೇ ಕೇಳಿ. ಎರಡು, ಸೊಂಟ ಮುರಿದವರನ್ನು ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ ಮನೆಯಲ್ಲೇ ಮಲಗಿಸಬೇಡಿ. ಅವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ, ಅದೂ ಆದರೆ ಎರಡು ದಿನದೊಳಗೆ. ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು ಹಿಡಿದು ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ.

*ವಂದನೆ ಕುರ್ಚಿಯಲ್ಲೇ ಇರಲಿ*

ಹುಣ್ಣಿಮೆಯ ದಿನ ವಂದನೆಗೆ ಬರುವ ಹಿರಿಯ ಉಪಾಸಿಕೆಯರಲ್ಲಿ ಕೆಲವರು ಇತ್ತೀಚೆಗೆ ಬರುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ, "ಎಲ್ಲರೂ ನೆಲಕ್ಕೆ ಹಣೆ ಮುಟ್ಟಿಸುವಾಗ ನಾನೊಬ್ಬಳು ಕುರ್ಚಿಯಲ್ಲಿ ಕೂತರೆ ಚೆನ್ನಾಗಿರಲ್ಲ" ಎನ್ನುತ್ತಾರೆ. ಅಮ್ಮಂದಿರೇ, ಬೆನ್ನುಮೂಳೆ ಟೊಳ್ಳಾದವರು ಬೆನ್ನನ್ನು ಬಿಲ್ಲಿನಂತೆ ಮುಂದಕ್ಕೆ ಬಗ್ಗಿಸುವುದೇ ಅಪಾಯ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕೈಮುಗಿಯಿರಿ, ಅದೇ ಪೂರ್ಣ ವಂದನೆ. ಸಭೆಯಲ್ಲಿ ಮಲಗಿಕೊಂಡೇ ಧಮ್ಮ ಕೇಳಿದ ಗುರುವಿನ ಶಿಷ್ಯರು ನಾವು.

ಕೋಲು ಹಿಡಿಯಲು ನಾಚಿಕೆಯೇ? 1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನರ ಎದುರು ಬಾಬಾಸಾಹೇಬರು ವೇದಿಕೆ ಏರಿದ್ದು ಕೈಯಲ್ಲಿ ಕೋಲು ಹಿಡಿದು, ಸಹಾಯಕರ ಆಸರೆ ಪಡೆದು. ಸಕ್ಕರೆ ಕಾಯಿಲೆ, ಕಾಲು ನೋವು ಅವರನ್ನು ಹಣ್ಣು ಮಾಡಿದ್ದವು. ಆ ಕೋಲಿನಿಂದ ಅವರ ಘನತೆ ಒಂದು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ನಕುಲಪಿತ ಎಂಬ ಮುದುಕ ಮೈಯೆಲ್ಲ ರೋಗವೆಂದು ಬುದ್ಧರ ಬಳಿ ಹೇಳಿಕೊಂಡಾಗ, ದೇಹ ಕಾಯಿಲೆ ಬಿದ್ದರೂ ಮನಸ್ಸು ಕಾಯಿಲೆ ಬೀಳದಂತೆ ಅಭ್ಯಾಸ ಮಾಡು ಎಂದು ಅವರು ತಿಳಿಹೇಳಿದರು. ಮುರಿದ ಎಲುಬು ಒಂದು ಬಾಣ. "ನಾನು ಮನೆಗೆ ಭಾರ, ಇನ್ಯಾಕೆ ಬದುಕಬೇಕು" ಎಂಬ ಕೊರಗು ಎರಡನೆಯ ಬಾಣ. ಮೊದಲನೆಯದಕ್ಕೆ ವೈದ್ಯರಿದ್ದಾರೆ. ಎರಡನೆಯದನ್ನು ಕೀಳಬೇಕಾದವರು ಮನೆಯವರು.

ಅತಿಸಾರದಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಆನಂದರೊಡನೆ ಸೇರಿ ತಾವೇ ತೊಳೆದು, ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ ಕಥೆ ನಮಗೆಲ್ಲ ಗೊತ್ತು. ಅದು ಬರೀ ಕಥೆಯಾಗಿ ಉಳಿಯಬಾರದು. ಬುದ್ಧರ ಅಸ್ಥಿಧಾತುವನ್ನು ಎಂಟು ಪಾಲು ಮಾಡಿ ಸ್ತೂಪ ಕಟ್ಟಿಸಿದ ಪರಂಪರೆ ನಮ್ಮದು. ಅಸ್ಥಿಗೆ ಅಷ್ಟು ಗೌರವ ಕೊಡುವವರು ನಾವು. ನಮ್ಮನ್ನು ಹೊತ್ತು ತಿರುಗಿದ ಅಮ್ಮನ ಅಸ್ಥಿಗೆ ಅವಳು ಬದುಕಿರುವಾಗಲೇ ಒಂದು ಲೋಟ ಹಾಲು, ಒಂದು ಸ್ಕ್ಯಾನ್, ಒಂದು ಕುರ್ಚಿ ಕೊಡೋಣ.

*ಹೆಣ್ಣುಮಕ್ಕಳ ಎಲುಬು*

ಮೇಷ್ಟ್ರಾಗಿ ಒಂದು ಮಾತು. ಅರವತ್ತರ ಎಲುಬನ್ನು ಕಟ್ಟುವುದು ಹದಿನಾರರಲ್ಲಿ. 2013ರಿಂದ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ, 2024ರಿಂದ ರಾಗಿ ಮಾಲ್ಟೂ ಬಂದಿದೆ. ಅದನ್ನು ಬಿಡದೆ ಕುಡಿಯುವಂತೆ ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ. ದೊಡ್ಡವಳಾದಳೆಂದು ಆಟ ಬಿಡಿಸಬೇಡಿ. ಓಡುವುದು, ಹಾರುವುದು, ಹಗ್ಗದಾಟ ಎಲ್ಲವೂ ಎಲುಬಿನ ಉಳಿತಾಯ ಖಾತೆಗೆ ಜಮೆ. ತಟ್ಟೆಯಲ್ಲಿ ಅಣ್ಣನಿಗೆಷ್ಟೋ ತಂಗಿಗೂ ಅಷ್ಟೇ ಬಡಿಸಿ. ಸಮತೆಯ ಪಾಠ ಅಡುಗೆಮನೆಯಲ್ಲೇ ಶುರುವಾಗಲಿ.

*ಇಂದಿನ ಸಾಧನೆ*

1. ಅಮ್ಮನನ್ನು, ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಗುರುತು ಹಾಕಿ. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಇಂಚು ಕಡಿಮೆಯಾಗಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

2. ಇವತ್ತು ರಾತ್ರಿ ಮನೆಯ ಹೆಂಗಸರು ಎಲ್ಲರ ಜೊತೆಗೇ ಕುಳಿತು ಉಣ್ಣಲಿ.

3. ಬಚ್ಚಲ ಪಾಚಿ ಉಜ್ಜಿ.

4. ಮುಂದಿನ ಹುಣ್ಣಿಮೆಗೆ ವಂದನೆಯ ಜಾಗದಲ್ಲಿ ಮುಂದಿನ ಸಾಲಿಗೇ ನಾಲ್ಕು ಕುರ್ಚಿ ಇಡೋಣ. ದಾನ ಕೊಡುವವರು ಆ ದಿನ ಸಿಹಿಯ ಬದಲು ರಾಗಿ ತನ್ನಿ.

5. ಕೊನೆಯದು ಸುಲಭ, ಆದರೆ ನಾವು ಮಾಡದ್ದು. "ಅಮ್ಮ, ಬೆನ್ನು ನೋಯುತ್ತಾ?" ಎಂದು ಕೇಳಿ. ಅವರು ಇಲ್ಲ ಎನ್ನುತ್ತಾರೆ. ಬುದ್ಧರಿಗೂ ಬೆನ್ನು ನೋಯುತ್ತಿತ್ತು ಎಂದು ಹೇಳಿ, ಇನ್ನೊಂದು ಸಲ ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರ ಎಲುಬೂ ಗಟ್ಟಿಯಿರಲಿ, ಮನಸ್ಸು ಹಗುರವಿರಲಿ.

ಸಾಧು, ಸಾಧು, ಸಾಧು.

*ನಮೋ ಬುದ್ಧಾಯ. ಜೈ ಭೀಮ್.* 🙏
(ಓದಿದವರು ಇನ್ನೊಂದು ಮನೆಗೆ ತಲುಪಿಸಿ)